ಮುದ್ದೆ ಗಂಟಾಗುತ್ತಿದೆಯಾ? ನಮ್ಮಜ್ಜಿಯ ಉಪಾಯ ನೋಡಿ

ರಾಗಿ ಮುದ್ದೆ ಮಾಡಿದಾಗೆಲ್ಲ ಗಂಟಾಗುತ್ತದೆ ಅಂತ ಇಬ್ಬರು ನನ್ನ ಹತ್ತಿರ ಬೇಜಾರು ಮಾಡಿಕೊಂಡಿದ್ದರು. ಅವರಿಗೋಸ್ಕರ ಇದು.

ಒಂದು ಲೋಟ ರಾಗಿ ಹಿಟ್ಟಿಗೆ ಎರಡು ಲೋಟ ನೀರು. ತಣ್ಣೀರಲ್ಲೇ ಒಂದು ಚಮಚ ಹಿಟ್ಟು ಕದಡಿ, ಚಿಟಿಕೆ ಉಪ್ಪು ಹಾಕಿ ಒಲೆಗಿಡಿ. ಚೆನ್ನಾಗಿ ಕುದಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಎಡವಟ್ಟಾಗುವುದು ಇಲ್ಲೇ. ಸುರಿದ ತಕ್ಷಣ ತಿರುವಿಬಿಡುತ್ತೇವೆ. ಬೇಡ! ಕೋಲಿನಿಂದ ಗುಡ್ಡೆಗೆ ನಾಲ್ಕೈದು ತೂತು ಮಾಡಿ, ಉರಿ ಸಣ್ಣ ಮಾಡಿ, ಐದಾರು ನಿಮಿಷ ಸುಮ್ನೆ ಬಿಡಿ. ತೂತಿನಲ್ಲಿ ನೀರು ಬುಳುಬುಳು ಅಂತ ಮೇಲೆದ್ದು ಹಿಟ್ಟು ಒಳಗೂ ಬೇಯುತ್ತದೆ. ಆಮೇಲೆ ಕೆಳಗಿಳಿಸಿ ಜೋರಾಗಿ ತಿರುವಿ. ಮತ್ತೆ ಎರಡು ನಿಮಿಷ ಸಣ್ಣ ಉರಿಯಲ್ಲಿಟ್ಟರೆ ಇನ್ನೂ ಒಳ್ಳೆಯದು.

ನಮ್ಮಜ್ಜಿ ನೆಲದ ಮೇಲೆ ಕಾಲು ಚಾಚಿ ಕೂತು, ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿದು ತಿರುವುತ್ತಿದ್ದರು. ಬಳೆಗಳನ್ನು ಮೊದಲೇ ಮೊಣಕೈವರೆಗೆ ಸರಿಸಿಕೊಳ್ಳುತ್ತಿದ್ದರು. ಬೆಂದಿದೆಯಾ ಅಂತ ನೋಡಲು ಬೆರಳನ್ನು ನೀರಿಗೆ ಅದ್ದಿ ಮುದ್ದೆ ಮುಟ್ಟುವರು. ಅಂಟದಿದ್ದರೆ ಆಯಿತು. ನಾನೂ ಇವತ್ತಿಗೂ ಅದನ್ನೇ ನಂಬುತ್ತೇನೆ, ಗಡಿಯಾರ ನೋಡುವುದಿಲ್ಲ.

ಮೊದಲ ಮುದ್ದೆ ತಾತನಿಗೆ, ಹುರುಳಿಕಾಳಿನ ಬಸ್ಸಾರಿನ ಜೊತೆ. ಪಾತ್ರೆಯ ತಳ ಹಿಡಿದ ಗರಿಗರಿ ಚಕ್ಕೆ ನನಗೆ, ಮೇಲೆ ಒಂದು ತೊಟ್ಟು ತುಪ್ಪ. ಅದಕ್ಕಾಗಿ ತಮ್ಮನ ಜೊತೆ ಎಷ್ಟು ಜಗಳ ಆಡಿದ್ದೀನೋ!

ಅಂದ ಹಾಗೆ, ಚಕ್ಕೆ ಬೇಕಂದ್ರೆ ನಾನ್‌ಸ್ಟಿಕ್ ಬೇಡ, ದಪ್ಪ ತಳದ ಪಾತ್ರೆಯೇ ಇಡಿ.