ರಿಲೇಟಿವಿಟಿ ಲೆಕ್ಕ: ಗ್ಯಾಮಾ ಹಾಕುವ ಮುಂಚೆ

ವಿಶೇಷ ಸಾಪೇಕ್ಷತೆಯ ಲೆಕ್ಕಗಳಲ್ಲಿ ಗಣಿತ ಕಷ್ಟವೇನಲ್ಲ. ಒಂದು ವರ್ಗಮೂಲ, ನಾಲ್ಕು ಗುಣಾಕಾರ. ಎಡವುವುದು ಬೇರೆ ಕಡೆ. ಪ್ರಶ್ನೆಯಲ್ಲಿ ‘ಸಮಯ’ ಅಂತ ಕಂಡರೆ ಗ್ಯಾಮಾದಿಂದ (ವೇಗ ಹೆಚ್ಚಿದಷ್ಟೂ 1ರಿಂದ ಮೇಲೇರುವ ಗುಣಕ, 1/√(1 − v²/c²)) ಗುಣಿಸಿಬಿಡುತ್ತೇವೆ, ‘ಉದ್ದ’ ಅಂತ ಕಂಡರೆ ಭಾಗಿಸಿಬಿಡುತ್ತೇವೆ.

ಅದಕ್ಕೇ ನಾನು ಮೊದಲು ಘಟನೆಗಳನ್ನು ಬರೆದುಕೊಳ್ಳುತ್ತೇನೆ. ಘಟನೆ ಅಂದರೆ ಒಂದು ಜಾಗ, ಒಂದು ಕ್ಷಣ. ‘ನೌಕೆ’ ಘಟನೆಯಲ್ಲ, ‘ನೌಕೆಯ ಮೂತಿಗೆ ಬೆಳಕು ಬಡಿದದ್ದು’ ಘಟನೆ. ಪುಟದಲ್ಲಿ ಎರಡು ಕಾಲಂ, ಒಂದು ನೆಲದ ಚೌಕಟ್ಟಿಗೆ (ಅಂದರೆ ನೆಲದಲ್ಲಿ ನಿಂತವರ ಅಳತೆಗಳಿಗೆ), ಇನ್ನೊಂದು ನೌಕೆಯದಕ್ಕೆ. ಪ್ರಶ್ನೆಯಲ್ಲಿ ಕೊಟ್ಟ ಸಂಖ್ಯೆ ಯಾರು ಅಳೆದದ್ದು ಎಂದು ಗೊತ್ತಾಗುವವರೆಗೆ ಅದು ಯಾವ ಕಾಲಮ್ಮಿಗೂ ಇಳಿಯುವುದಿಲ್ಲ. ಸಮಯವನ್ನು ಬೆಳಕಿನ ವೇಗದಿಂದ ಗುಣಿಸಿ ಮೀಟರಿನಲ್ಲೇ ಇಡುತ್ತೇನೆ. ಹಾಗೆ ಮಾಡಿದರೆ ಸೂತ್ರದಲ್ಲಿ ಸಿ (ಬೆಳಕಿನ ವೇಗ) ಎಲ್ಲಿ ಬರಬೇಕು, ಅದರ ವರ್ಗ ಎಲ್ಲಿ ಬರಬೇಕು ಎನ್ನುವ ತಲೆನೋವೇ ಇಲ್ಲ.

ಒಂದು ಲೆಕ್ಕ ನೋಡಿ. ನಿಂತಾಗ 100 ಮೀಟರ್ ಉದ್ದದ ನೌಕೆ 0.6ಸಿ ವೇಗದಲ್ಲಿ ಹೋಗುತ್ತಿದೆ. ಬಾಲದಿಂದ ಹೊರಟ ಬೆಳಕು ಮೂತಿ ಮುಟ್ಟಲು ನೆಲದವರ ಗಡಿಯಾರದಲ್ಲಿ ಎಷ್ಟು ಹೊತ್ತು? ಗ್ಯಾಮಾ 1.25. ನೌಕೆಯೊಳಗೆ 0.333 ಮೈಕ್ರೋಸೆಕೆಂಡ್; ಅದನ್ನು 1.25ರಿಂದ ಗುಣಿಸಿ 0.417 ಎಂದು ಬರೆದವರೇ ಹೆಚ್ಚು. ಇದು ತಪ್ಪು. ಕಾಲ ಹಿಗ್ಗುವ ಆ ಸೂತ್ರ ನಡೆಯುವುದು ಎರಡೂ ಘಟನೆಗಳು ಯಾವುದಾದರೂ ಒಂದು ಚೌಕಟ್ಟಿನಲ್ಲಿ ಒಂದೇ ಜಾಗದಲ್ಲಿ ಆದಾಗ ಮಾತ್ರ. ಇಲ್ಲಿ ಬಾಲ ಒಂದು ಕಡೆ, ಮೂತಿ ಇನ್ನೊಂದು ಕಡೆ.

ಪೂರ್ತಿ ಲೊರೆಂಟ್ಸ್ ರೂಪಾಂತರ ಹಾಕಿ, ಅಂದರೆ ಒಂದು ಚೌಕಟ್ಟಿನ ದೂರ, ಸಮಯ ಎರಡನ್ನೂ ಬಳಸಿ ಇನ್ನೊಂದು ಚೌಕಟ್ಟಿನ ಅಳತೆ ಕೊಡುವ ಸೂತ್ರ. ನೌಕೆಯ ಕಾಲಮ್ಮಿನಲ್ಲಿ ದೂರ 100, ಸಮಯವೂ 100 ಮೀಟರ್. ನೆಲದ ಸಮಯ 1.25 × (100 + 0.6 × 100), ಅಂದರೆ 200 ಮೀಟರ್, 0.667 ಮೈಕ್ರೋಸೆಕೆಂಡ್. ತಾಳೆ ನೋಡಲು ಇನ್ನೊಂದು ದಾರಿ ಇದೆ: ನೆಲದವರಿಗೆ ನೌಕೆ 80 ಮೀಟರ್, ಬೆಳಕು ಮೂತಿಯನ್ನು ಹಿಡಿಯುತ್ತಿರುವುದು 0.4ಸಿ ದರದಲ್ಲಿ, 80ನ್ನು 0.4ರಿಂದ ಭಾಗಿಸಿದರೆ ಅದೇ 200. ಕೂಡಿಸಬೇಕೋ ಕಳೆಯಬೇಕೋ ಎಂಬ ಚಿಹ್ನೆಯ ಗೊಂದಲವೂ ಇಲ್ಲೇ ಸಿಕ್ಕಿಬೀಳುತ್ತದೆ. ಕಳೆದಿದ್ದರೆ 50 ಬರುತ್ತಿತ್ತು; ಮುಂದೆ ಓಡುತ್ತಿರುವ ಮೂತಿಯನ್ನು ಬೆಳಕು 80 ಮೀಟರಿಗಿಂತ ಕಡಿಮೆ ದೂರದಲ್ಲಿ ಹಿಡಿಯುವುದೆಂತು?

ಮ್ಯೂಆನ್ (ವಾತಾವರಣದ ಎತ್ತರದಲ್ಲಿ ಹುಟ್ಟಿ ಬೇಗ ಕ್ಷಯಿಸುವ ಸೂಕ್ಷ್ಮ ಕಣ) ಲೆಕ್ಕದಲ್ಲಿ ಇದಕ್ಕೆ ತದ್ವಿರುದ್ಧದ ತಪ್ಪು, ಒಂದೇ ಪರಿಣಾಮವನ್ನು ಎರಡು ಸಲ ಹಾಕುವುದು. 10 ಕಿ.ಮೀ. ಎತ್ತರದಲ್ಲಿ ಹುಟ್ಟಿ 0.995ಸಿ ವೇಗದಲ್ಲಿ ಇಳಿಯುವ ಮ್ಯೂಆನ್‌ಗಳಲ್ಲಿ ಎಷ್ಟು ಪಾಲು ನೆಲ ಮುಟ್ಟುತ್ತದೆ? ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡ್, ಗ್ಯಾಮಾ ಸುಮಾರು 10. ನೆಲದ ಗಡಿಯಾರದಲ್ಲಿ ಪಯಣ 33.5 ಮೈಕ್ರೋಸೆಕೆಂಡ್, ಆಯಸ್ಸು 22. ಮ್ಯೂಆನ್‌ನ ಲೆಕ್ಕದಲ್ಲಿ ದಾರಿ 1 ಕಿ.ಮೀ., ಪಯಣ 3.35, ಆಯಸ್ಸು 2.2. ಎರಡರಲ್ಲೂ ಅನುಪಾತ 1.52, ಉಳಿಯುವುದು e^(−1.52), ಅಂದರೆ ಸುಮಾರು ಶೇ. 22. ದಾರಿಯನ್ನೂ ಕುಗ್ಗಿಸಿ ಆಯಸ್ಸನ್ನೂ ಹಿಗ್ಗಿಸಿದರೆ ಶೇ. 86 ಬರುತ್ತದೆ. ನೋಡಲು ನಂಬುವ ಹಾಗಿರುವುದರಿಂದಲೇ ಇದು ಅಪಾಯಕಾರಿ. ಕಾಲಂ ಹಾಕಿಕೊಂಡವರು ಈ ಗುಂಡಿಗೆ ಬೀಳುವುದು ಕಡಿಮೆ, ಏಕೆಂದರೆ ಒಂದು ಸಂಖ್ಯೆ ಆ ಕಾಲಮ್ಮಿನದು, ಇನ್ನೊಂದು ಈ ಕಾಲಮ್ಮಿನದು ಎಂದು ಕಣ್ಣಿಗೇ ಕಾಣುತ್ತದೆ. ಅಂದಹಾಗೆ, ಇಲ್ಲಿ 0.995ನ್ನು 0.99 ಎಂದು ಮೊಟಕು ಮಾಡಬೇಡಿ. ಗ್ಯಾಮಾ 10ರಿಂದ 7.1ಕ್ಕೆ ಕುಸಿಯುತ್ತದೆ.

ವೇಗಗಳ ಕೂಡುವಿಕೆ ಬಗ್ಗೆ ಹೆಚ್ಚು ಹೇಳುವುದಿಲ್ಲ: ಉತ್ತರ ಸಿ ದಾಟಿದರೆ ಸೂತ್ರದ ಛೇದದ (1 + uv/c²) ಚಿಹ್ನೆ ನೋಡಿ.

ಕಣಗಳ ಕ್ಷಯದ ಲೆಕ್ಕಕ್ಕೆ ಬಂದರೆ ವೇಗವನ್ನು ಮರೆತುಬಿಡುವುದೇ ಲೇಸು. ನಿಂತ ಪಯಾನ್ ಎಂಬ ಕಣ (ದ್ರವ್ಯರಾಶಿ 139.6 ಎಂಇವಿ, ಶಕ್ತಿಯ ಏಕಮಾನದಲ್ಲಿ) ಒಡೆದು ಮ್ಯೂಆನ್ (105.7) ಮತ್ತು ದ್ರವ್ಯರಾಶಿ ಇಲ್ಲವೆಂದೇ ಹಿಡಿಯಬಹುದಾದ ನ್ಯೂಟ್ರಿನೋ ಆಗುತ್ತದೆ. ಗ್ಯಾಮಾ ಹಿಡಿದು ಹೊರಟರೆ ಎರಡು ವರ್ಗಮೂಲಗಳ ನಡುವೆ ಸಿಕ್ಕಿಕೊಳ್ಳುತ್ತೀರಿ. ಬದಲಿಗೆ ಶಕ್ತಿ-ಸಂವೇಗದ ನಾಲ್ಕು-ಸದಿಶ (ಶಕ್ತಿ ಮತ್ತು ಸಂವೇಗದ ಮೂರು ಘಟಕಗಳು ಒಟ್ಟಿಗೆ) ಬರೆದು, ನಿಮಗೆ ಬೇಡದ ಕಣವನ್ನು ಒಂಟಿಯಾಗಿ ಒಂದು ಬದಿಗೆ ತಳ್ಳಿ ವರ್ಗ ಮಾಡಿ. ಬೇಕಿರುವುದು ನ್ಯೂಟ್ರಿನೋ ಶಕ್ತಿಯಾದರೆ ಮ್ಯೂಆನ್ ಒಂದು ಬದಿ, ಪಯಾನ್ ಕಳೆ ನ್ಯೂಟ್ರಿನೋ ಇನ್ನೊಂದು ಬದಿ. ಮ್ಯೂಆನ್‌ನ ದಿಕ್ಕು, ವೇಗ ಎಲ್ಲವೂ ಮಾಯವಾಗಿ ದ್ರವ್ಯರಾಶಿಯಷ್ಟೇ ಉಳಿಯುತ್ತದೆ. ಎರಡು ದ್ರವ್ಯರಾಶಿಗಳ ವರ್ಗಗಳ ವ್ಯತ್ಯಾಸವನ್ನು ಪಯಾನ್ ದ್ರವ್ಯರಾಶಿಯ ಎರಡರಷ್ಟರಿಂದ ಭಾಗಿಸಿದರೆ 29.8 ಎಂಇವಿ. ಮ್ಯೂಆನ್‌ಗೆ ಉಳಿಯುವ ಚಲನಶಕ್ತಿ 4.1. ಆಮೇಲೂ ವೇಗ ಬೇಕೇ ಬೇಕೆಂದರೆ ಸಂವೇಗವನ್ನು ಒಟ್ಟು ಶಕ್ತಿಯಿಂದ ಭಾಗಿಸಿ, 29.8ಕ್ಕೆ 109.8: 0.27ಸಿ.