ಕೊರಿಯರ್ ಬಿಲ್ ಇಳಿಸಬೇಕಾ? ಮೊದಲು ಬಾಕ್ಸ್ ಅಳೆಯಿರಿ

ಬಾಗಲಕೋಟೆ ಕಡೆಯ ಖಡಕ್ ರೊಟ್ಟಿ ಈಗ ಬೆಂಗಳೂರು, ಪುಣೆ, ಹೈದರಾಬಾದ್‌ಗೆಲ್ಲ ಪಾರ್ಸಲ್ ಹೋಗುತ್ತದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಅಮೀನಗಡದ ಕರದಂಟಿಗೆ ವಾಟ್ಸ್‌ಆ್ಯಪ್‌ನಲ್ಲೇ ಆರ್ಡರ್ ಬರುತ್ತದೆ. ಮಾರುವುದು ಸುಲಭವಾಗಿದೆ, ಕಳಿಸುವುದು ತುಟ್ಟಿಯಾಗಿದೆ. ಕೆಜಿಗೆ ಇಷ್ಟು ಅಂತ ಮಾತಾಡಿ ಬಂದಿರುತ್ತೀರಿ, ತಿಂಗಳ ಕೊನೆಗೆ ಬಿಲ್ ನೋಡಿದರೆ ಲೆಕ್ಕವೇ ಬೇರೆ. ಆಗ ಎಷ್ಟೋ ಜನ ಏಜೆಂಟರ ಜೊತೆ ಕೆಜಿಗೆ ಐದು ರೂಪಾಯಿ ಬಿಡಿಸಿಕೊಳ್ಳಲು ಗುದ್ದಾಡುತ್ತಾರೆ. ಚೌಕಾಸಿ ಬೇಡ ಅಂತಲ್ಲ. ಆದರೆ ಬಿಲ್‌ನ ದೊಡ್ಡ ಪಾಲು ತೀರ್ಮಾನವಾಗುವುದು ನಿಮ್ಮ ಮನೆಯಲ್ಲೇ, ಪ್ಯಾಕಿಂಗ್ ಮಾಡುವ ಹೊತ್ತಿಗೆ.

ಬಿಲ್ ಬಿಡಿಸಿ ಓದಿ

ಹೋದ ತಿಂಗಳ ಬಿಲ್ ತೆಗೆದುಕೊಂಡು ಕೂರಿ. ಮೂಲ ದರದ ಕೆಳಗೆ ಏನೇನಿದೆ ನೋಡಿ. ಫ್ಯೂಯಲ್ ಸರ್ಚಾರ್ಜ್, ಡಾಕೆಟ್ ಚಾರ್ಜ್ (ಪ್ರತಿ ಪಾರ್ಸಲ್‌ನ ರಸೀದಿ ಕಾಗದಕ್ಕೆ ಹಾಕುವುದು), ಕ್ಯಾಶ್ ಆನ್ ಡೆಲಿವರಿ ಇದ್ದರೆ ಅದರ ಚಾರ್ಜ್, ದೂರದ ಹಳ್ಳಿಯಾದರೆ ‘ಓಡಿಎ’ (ಔಟ್ ಆಫ್ ಡೆಲಿವರಿ ಏರಿಯಾ, ಅಂದರೆ ಮಾಮೂಲಿ ಡೆಲಿವರಿ ಪ್ರದೇಶದ ಹೊರಗೆ) ಅಂತ ಒಂದು ಸಾಲು. ಕೊನೆಗೆ ಇವೆಲ್ಲ ಕೂಡಿದ ಮೊತ್ತದ ಮೇಲೆ ಶೇ 18 ಜಿಎಸ್‌ಟಿ.

ಲೆಕ್ಕಕ್ಕೆ ಅನುಕೂಲವಾಗಲಿ ಅಂತ ಒಂದು ಉದಾಹರಣೆ ಹಿಡಿಯೋಣ. ಮೂಲ ದರ 200 ರೂಪಾಯಿ. ಫ್ಯೂಯಲ್ ಸರ್ಚಾರ್ಜ್ ಶೇ 20 ಅಂದರೆ 40. ಕ್ಯಾಶ್ ಆನ್ ಡೆಲಿವರಿಗೆ ಇನ್ನೊಂದು 40. ಅಲ್ಲಿಗೆ 280. ಅದಕ್ಕೆ ಜಿಎಸ್‌ಟಿ 50 ರೂಪಾಯಿ 40 ಪೈಸೆ. ಕೈಯಿಂದ ಹೋದದ್ದು 330 ರೂಪಾಯಿ 40 ಪೈಸೆ. ಫ್ಯೂಯಲ್ ಸರ್ಚಾರ್ಜ್ ಮೂಲ ದರದ ಮೇಲೆ ಶೇಕಡಾವಾರು ಬೀಳುತ್ತದೆ, ಆಗಾಗ ಬದಲಾಗುತ್ತದೆ. ಹಾಗಾಗಿ ದರ ಕೇಳುವಾಗ ‘ಎಲ್ಲ ಸೇರಿ ಎಷ್ಟು’ ಅಂತಲೇ ಕೇಳಿ, ಬರೆಸಿಕೊಳ್ಳಿ.

ಜಿಎಸ್‌ಟಿ ನೋಂದಣಿ ಇದ್ದವರು ಕೊರಿಯರ್‌ನವರಿಗೆ ತಮ್ಮ ನಂಬರ್ ಕೊಟ್ಟು ಬಿಲ್ ಹಾಕಿಸಬೇಕು. ಜಿಎಸ್‌ಟಿ ಬೀಳುವ ಮಾಲಿಗಾದರೆ ಆ ಶೇ 18ನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು, ಹಿಂದಕ್ಕೆ ಪಡೆಯಬಹುದು. ಕಾಂಪೊಸಿಷನ್ ಸ್ಕೀಮ್‌ನಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಪದ್ಧತಿ) ಇರುವವರಿಗೆ ಇದು ಸಿಗುವುದಿಲ್ಲ.

ಗಾಳಿಗೂ ಬಾಡಿಗೆ ಇದೆ

ಇದು ಮುಖ್ಯ ವಿಷಯ, ಸ್ವಲ್ಪ ನಿಧಾನವಾಗಿ ನೋಡೋಣ. ಕೊರಿಯರ್‌ನವರು ಎರಡು ತೂಕ ಹಿಡಿಯುತ್ತಾರೆ. ಒಂದು ತಕ್ಕಡಿಯ ತೂಕ, ಇನ್ನೊಂದು ವಾಲ್ಯುಮೆಟ್ರಿಕ್ ತೂಕ. ಬಾಕ್ಸ್‌ನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದೇ ಈ ಎರಡನೆಯದು. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ಕೆಲವು ಕಂಪನಿಗಳು 5000ಕ್ಕಿಂತ ಸಣ್ಣ ಸಂಖ್ಯೆಯಿಂದ ಭಾಗಿಸುತ್ತವೆ, ಆಗ ತೂಕ ಇನ್ನೂ ಏರುತ್ತದೆ. ನಿಮ್ಮವರದು ಎಷ್ಟು ಅಂತ ಕೇಳಿಕೊಳ್ಳಿ.

ಐವತ್ತು ಖಡಕ್ ರೊಟ್ಟಿ, ಬಾಕ್ಸ್ ಸೇರಿ ಒಂದೂವರೆ ಕೆಜಿ ಅಂತಿಟ್ಟುಕೊಳ್ಳಿ. ಕಿರಾಣಿ ಅಂಗಡಿಯಿಂದ ತಂದ 30×30×20 ಸೆಂ.ಮೀ. ಬಾಕ್ಸ್‌ಗೆ ಹಾಕಿದಿರಿ. ಗುಣಿಸಿದರೆ 18,000. 5000ದಿಂದ ಭಾಗಿಸಿದರೆ 3.6 ಕೆಜಿ. ಮುಂದಿನ ಕೆಜಿಗೆ ಏರಿಸಿ 4 ಕೆಜಿಗೆ ಬಿಲ್. ಅದೇ ರೊಟ್ಟಿಯನ್ನು 26×26×14ರ ಬಾಕ್ಸ್‌ಗೆ ಕೂರಿಸಿದರೆ 1.9 ಕೆಜಿ ಕೂಡ ಆಗುವುದಿಲ್ಲ, 2 ಕೆಜಿಗೆ ಬಿಲ್. ಕೆಜಿ ಲೆಕ್ಕದ ದರವಾದರೆ ಖರ್ಚು ಅರ್ಧಕ್ಕೆ ಇಳಿಯಿತು. ಯಾವ ಏಜೆಂಟರೂ ಇಷ್ಟು ಡಿಸ್ಕೌಂಟ್ ಕೊಡುವುದಿಲ್ಲ ಅಲ್ವಾ?

ಇನ್ನೂ ಒಂದು ಲಾಭವಿದೆ. ರೊಟ್ಟಿ ದುಂಡಗೆ, ಬಾಕ್ಸ್ ಚೌಕ. ನಾಲ್ಕು ಮೂಲೆ ಖಾಲಿ ಇರುತ್ತವೆ. ಅಲ್ಲಿ ಸುಮ್ನೆ ಪೇಪರ್ ತುರುಕುವ ಬದಲು 100 ಗ್ರಾಂನ ಉದ್ದುದ್ದ ಪ್ಯಾಕೆಟ್ ಮಾಡಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ನಿಲ್ಲಿಸಿ. ಒಟ್ಟು ತೂಕ 1.9 ಕೆಜಿ. ಬಿಲ್ ಆಗಲೇ 2 ಕೆಜಿಗೆ ಇದೆ. ಚಟ್ನಿ ಪುಕ್ಕಟೆ ಪ್ರಯಾಣ ಮಾಡಿತು, ರೊಟ್ಟಿ ಅಲುಗಾಡಿ ಪುಡಿಯಾಗುವುದೂ ಕಡಿಮೆ. ಚಟ್ನಿ ಮಾರಿದ ದುಡ್ಡು ಬೇರೆ.

ಕರದಂಟು, ಕುಂದಾದಂಥ ಗಟ್ಟಿ ಸಿಹಿಗೆ ಈ ತಲೆನೋವು ಕಡಿಮೆ. ಅಲ್ಲಿ ತಕ್ಕಡಿಯ ತೂಕವೇ ಗೆಲ್ಲುತ್ತದೆ.

ಸೀರೆಯವರಿಗೆ 500 ಗ್ರಾಂ ಗಡಿ

ಸಣ್ಣ ಪಾರ್ಸಲ್‌ಗೆ ಬಹಳಷ್ಟು ಕಡೆ 500 ಗ್ರಾಂನ ಸ್ಲ್ಯಾಬ್ ಇರುತ್ತದೆ. ಪ್ಯಾಕ್ ಮಾಡಿದ ಸೀರೆ 510 ಗ್ರಾಂ ತೂಗಿದರೆ 1 ಕೆಜಿಯ ದರ ಬೀಳುತ್ತದೆ. ಆ ಹತ್ತು ಗ್ರಾಂ ಎಲ್ಲಿಂದ ಬಂತು ನೋಡಿ. ಮಡಿಕೆಯ ನಡುವಿನ ದಪ್ಪ ರಟ್ಟು, ಅಂಗಡಿಯ ಕಾರ್ಡ್, ಎರಡೆರಡು ಸುತ್ತು ಟೇಪ್. ರಟ್ಟಿನ ಪೆಟ್ಟಿಗೆ ಬಿಟ್ಟು ಗಟ್ಟಿ ಪ್ಲಾಸ್ಟಿಕ್ ಕೊರಿಯರ್ ಕವರ್ ಬಳಸಿ. ಒಳಗೆ ನೀರು ಹೋಗದಂತೆ ಇನ್ನೊಂದು ತೆಳು ಕವರ್ ಸಾಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಇದೆಲ್ಲ ಮನೆಯಲ್ಲೇ ಗೊತ್ತಾಗುತ್ತದೆ.

ಯಾವ ಊರಿಗೆ, ಯಾರ ಕೈಲಿ

ಎಲ್ಲ ಪಾರ್ಸಲ್ಲನ್ನೂ ಒಬ್ಬರ ಕೈಗೇ ಕೊಡುವ ಅಭ್ಯಾಸ ಬಿಡಬೇಕು. ದರ ನಿಂತಿರುವುದು ಬರೀ ಕಿಲೋಮೀಟರ್ ಮೇಲಲ್ಲ, ವಲಯದ ಮೇಲೆ. ಬೆಳಗಾವಿಯಿಂದ ಕೊಲ್ಹಾಪುರ ನೂರು ಚಿಲ್ಲರೆ ಕಿ.ಮೀ., ಬೆಂಗಳೂರು ಐನೂರರ ಹತ್ತಿರ. ಆದರೂ ರಾಜ್ಯದ ಗಡಿ ನೋಡಿ ವಲಯ ಮಾಡುವ ರೇಟ್ ಕಾರ್ಡ್‌ನಲ್ಲಿ ಕೊಲ್ಹಾಪುರವೇ ತುಟ್ಟಿಯಾಗಬಹುದು. ವಿಚಿತ್ರ, ಆದರೆ ಹಾಗೇ ಇದೆ. ಗಡಿ ಭಾಗದವರು ಮಹಾರಾಷ್ಟ್ರ, ಗೋವಾ ದರವನ್ನು ಬೇರೆಯಾಗಿ ಕೇಳಲೇಬೇಕು.

ಹಳ್ಳಿಯ ಪಿನ್‌ಕೋಡ್ ಬಂದರೆ ಮೊದಲು ಅಂಚೆ ಕಚೇರಿ ದರ ನೋಡಿ. ದೇಶದಲ್ಲಿ 1.64 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಓಡಿಎ ಎಂಬ ಸಾಲು ಅಲ್ಲಿಲ್ಲ. ಸ್ಪೀಡ್ ಪೋಸ್ಟ್‌ನ ಕಾಗದಪತ್ರಗಳ ದರ 2012ರ ನಂತರ 2025ರ ಅಕ್ಟೋಬರ್ 1ರಿಂದ ಬದಲಾಗಿದೆ. ಪಾರ್ಸಲ್ ದರಪಟ್ಟಿ ಬೇರೆ. ಆದ್ದರಿಂದ ಕೌಂಟರ್‌ನಲ್ಲಿ ತೂಕ, ಅಳತೆ ಹೇಳಿ ಪಾರ್ಸಲ್ ದರವನ್ನೇ ಕೇಳಿ.

ಹುಬ್ಬಳ್ಳಿ, ಬೆಂಗಳೂರಿನ ಅಂಗಡಿಗೆ ವಾರವಾರ ಮಾಲು ಹೋಗುತ್ತದೆಯೇ? 2021ರಲ್ಲಿ ಶುರುವಾದ ಸರ್ಕಾರಿ ಬಸ್‌ಗಳ ‘ನಮ್ಮ ಕಾರ್ಗೋ’ ಒಮ್ಮೆ ವಿಚಾರಿಸಿ. ಬಸ್ ನಿಲ್ದಾಣಕ್ಕೆ ಒಯ್ದು ಕೊಡಬೇಕು, ಆಚೆ ಕಡೆಯವರು ನಿಲ್ದಾಣಕ್ಕೆ ಬಂದು ಒಯ್ಯಬೇಕು. ದೊಡ್ಡ ಮೂಟೆಗೆ ಟ್ರಾನ್ಸ್‌ಪೋರ್ಟ್ ಇದ್ದೇ ಇದೆ. ಅಲ್ಲಿ ಬಿಲ್ಟಿ (ಮಾಲು ಒಪ್ಪಿಸಿದ್ದಕ್ಕೆ ಕೊಡುವ ರಸೀದಿ) ಮಾಡಿಸುವಾಗ ಹಮಾಲಿ ಎಷ್ಟು, ಗೋಡೌನ್‌ವರೆಗೋ ಮನೆಬಾಗಿಲವರೆಗೋ ಅಂತ ಕೇಳಿ.

ಕ್ಯಾಶ್ ಆನ್ ಡೆಲಿವರಿಯ ನಿಜವಾದ ಖರ್ಚು

ಹತ್ತು ಪಾರ್ಸಲ್ ಕಳಿಸಿದಿರಿ, ತಲಾ 100 ರೂಪಾಯಿ. ಎರಡನ್ನು ಗಿರಾಕಿ ತೆಗೆದುಕೊಳ್ಳಲಿಲ್ಲ, ವಾಪಸ್ ಬರಲು ತಲಾ ಇನ್ನೊಂದು ನೂರು. ಒಟ್ಟು 1,200. ಮಾರಾಟವಾದದ್ದು ಎಂಟೇ, ಅಂದರೆ ಒಂದಕ್ಕೆ 150 ಬಿತ್ತು. ವಾಪಸ್ ಬಂದ ರೊಟ್ಟಿ ಮಾರಲೂ ಆಗದು. ತಿನ್ನುವ ಪದಾರ್ಥಕ್ಕೆ ಕ್ಯಾಶ್ ಆನ್ ಡೆಲಿವರಿ ಕೊಡಲೇಬಾರದು ಅಂತ ನನ್ನ ಅಭಿಪ್ರಾಯ. ಸೀರೆಗೆ ಕೊಡುವುದಾದರೆ ಕೊರಿಯರ್ ಖರ್ಚಿನಷ್ಟಾದರೂ ಮೊದಲೇ ಯುಪಿಐನಲ್ಲಿ ಹಾಕಿಸಿಕೊಳ್ಳಿ, ಕಳಿಸುವ ಮುಂಚೆ ಒಂದು ಫೋನ್ ಮಾಡಿ.

ಫೋಟೊ ಇಟ್ಟುಕೊಳ್ಳಿ, ದರ ಬರೆದಿಡಿ

ಹಲವು ಕೊರಿಯರ್ ಕಂಪನಿಗಳನ್ನು ಒಂದೇ ಕಡೆ ತೋರಿಸುವ ಆ್ಯಪ್‌ಗಳಲ್ಲಿ ಬುಕ್ ಮಾಡುವವರಿಗೆ ಪಾರ್ಸಲ್‌ನ ಫೋಟೊ ಬಹಳ ಬೇಕು. ನೀವು 2 ಕೆಜಿ ಅಂದಿರಿ, ಅವರ ಯಂತ್ರ 3 ಅಂದಿತು, ವ್ಯತ್ಯಾಸ ನಿಮ್ಮ ವ್ಯಾಲೆಟ್‌ನಿಂದ ಕಡಿತ. ತಕರಾರು ಹಾಕಲು ಕೆಲವೇ ದಿನ ಇರುತ್ತದೆ. ಬಾಕ್ಸ್ ತಕ್ಕಡಿ ಮೇಲಿದ್ದಾಗ, ಮೂರೂ ಕಡೆ ಅಳತೆ ಟೇಪ್ ಹಿಡಿದಾಗ, ವಿಳಾಸದ ಚೀಟಿ ಕಾಣುವಂತೆ ಫೋಟೊ ತೆಗೆದಿಡಿ. ಎರಡು ಮೂರು ಅಳತೆಯ ಬಾಕ್ಸ್‌ಗಳನ್ನಷ್ಟೇ ಬಳಸಿದರೆ ಈ ಕೆಲಸ ಹಗುರ.

ಇಷ್ಟಾದ ಮೇಲೆ ಗಿರಾಕಿಗೆ ಹೇಳುವ ದರಪಟ್ಟಿ ಮಾಡಿ. ಕರ್ನಾಟಕದೊಳಗೆ, ನೆರೆ ರಾಜ್ಯಗಳು, ಉಳಿದ ಕಡೆ ಅಂತ ಮೂರು ದರ ಸಾಕು, ಎಲ್ಲ ಸರ್ಚಾರ್ಜ್ ಸೇರಿಸಿಯೇ ಬರೆಯಿರಿ. ‘ಫ್ರೀ ಡೆಲಿವರಿ’ ಕೊಡುವ ಆಸೆಯಿದ್ದರೆ ಒಂದು ಬಾಕ್ಸ್ ಪೂರ್ತಿ ತುಂಬುವ ಆರ್ಡರ್‌ಗೆ ಮಾತ್ರ ಕೊಡಿ. ಪಟ್ಟಿಯ ಕೆಳಗೆ ‘ಈ ದರ ಇಂಥ ತಿಂಗಳವರೆಗೆ’ ಅಂತ ಒಂದು ಸಾಲು ಇರಲಿ. ನಾಳೆ ಫ್ಯೂಯಲ್ ಸರ್ಚಾರ್ಜ್ ಏರಿದಾಗ ಹಳೆಯ ಗಿರಾಕಿಗಳ ಜೊತೆ ವಾದ ಮಾಡುವುದು ತಪ್ಪುತ್ತದೆ.