ಮೊದಲು ಸ್ವಾಧೀನ ಇಲ್ಲದ ಕೈ

ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಮಾವನಿಗೆ ಒಂದು ಅಂಗಿ ಹಾಕಿಸಲು ನನಗೂ ಗಂಡನಿಗೂ ಮುಕ್ಕಾಲು ಗಂಟೆ ಹಿಡಿಯಿತು. ಸರಿ ಇದ್ದ ಬಲಗೈಯನ್ನು ಮೊದಲು ತೂರಿಸಿದ್ದೇ ತಪ್ಪು. ಆಮೇಲೆ ಎಡಗೈಗೆ ಬಟ್ಟೆ ಎಟುಕಲೇ ಇಲ್ಲ. ನಾವು ಎಳೆದೆವು, ಅವರು ಹಲ್ಲು ಕಚ್ಚಿದರು. ಕೊನೆಗೆ, "ಬಿಡು ಮಾರಾಯ್ತಿ, ಬೈರಾಸು ಹೊದ್ದು ಕೂತುಕೊಳ್ತೇನೆ" ಅಂದರು.

ದಾರಿ ತೋರಿಸಿದ್ದು ಪಂಚಾಯತಿನ ಪ್ಯಾಲಿಯೇಟಿವ್ ನರ್ಸ್, ಅಂದರೆ ದೀರ್ಘ ಕಾಯಿಲೆಯವರನ್ನು ಮನೆಯಲ್ಲೇ ಆರೈಕೆ ಮಾಡುವ ನರ್ಸ್. ನಾವಿರುವ ಕೇರಳದಲ್ಲಿ 2008ರಲ್ಲೇ ಇಂಥ ಆರೈಕೆಗೊಂದು ಸರ್ಕಾರಿ ನೀತಿ ಬಂದಿದೆ. ಹಾಸಿಗೆ ಹಿಡಿದವರ ಮನೆಗೇ ನರ್ಸ್ ಬರುತ್ತಾರೆ. ವಾರ್ಡಿನ ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿ, ಅಷ್ಟು ಸಾಕು. ನಮ್ಮಲ್ಲಿಗೆ ಬಂದವರಿಗೆ ಮಲಯಾಳ ಮಾತ್ರ ಬರುತ್ತಿತ್ತು, ಮಾವನಿಗೆ ಕನ್ನಡ, ತುಳು. "ಆದ್ಯಂ ವಯ್ಯಾತ್ತ ಕೈ" ಅಂದರು ಅವರು, ಮೊದಲು ಆಗದ ಕೈ ಅಂತ. ಕೈಗೆ ಮೂರು ಭಾಷೆಯಲ್ಲೂ ಕೈ ಅಂತಲೇ ಹೇಳುವುದು, ಅಲ್ವಾ? ಮಾವನಿಗೆ ತಕ್ಷಣ ಅರ್ಥವಾಯಿತು.

ಸೂತ್ರ ಅಷ್ಟೇ: ಹಾಕುವಾಗ ಸ್ವಾಧೀನ ಇಲ್ಲದ ಕೈಕಾಲು ಮೊದಲು, ತೆಗೆಯುವಾಗ ಅದೇ ಕೊನೆಗೆ.

ಶುರು ಮಾಡುವ ಮೊದಲು ಬಾಗಿಲು ಹಾಕಿ. ಮನೆಯವರೇ ಆದರೂ ಅವರಿಗೆ ಸಂಕೋಚ ಇರುತ್ತದೆ. ಯಾವ ಅಂಗಿ ಬೇಕು ಅಂತ ಕೇಳಿ, ಎರಡು ತೋರಿಸಿದರೂ ಆಯಿತು. ಬಟ್ಟೆಗಳನ್ನು ಹಾಕುವ ಕ್ರಮದಲ್ಲೇ ಅವರ ಒಳ್ಳೆಯ ಕೈಗೆ ಸಿಗುವಂತೆ ಇಡಿ. ಕೂರಲು ಕೈ ಇರುವ ಗಟ್ಟಿ ಕುರ್ಚಿ ಬೇಕು, ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಪ್ಲಾಸ್ಟಿಕ್ ಕುರ್ಚಿಯಾದರೆ ಗೋಡೆಗೆ ಒತ್ತಿ ಇಡಿ, ಇಲ್ಲದಿದ್ದರೆ ಹಿಂದಕ್ಕೆ ಜಾರುತ್ತದೆ.

ಈಗ ಅಂಗಿ. ಎಲ್ಲ ಬಟನ್ ಬಿಚ್ಚಿ. ಅಂಗಿಯ ತೋಳಿನ ತುದಿಯಿಂದ ನಿಮ್ಮ ಕೈ ಒಳಗೆ ಹಾಕಿ, ಬಟ್ಟೆಯನ್ನು ನಿಮ್ಮ ಮುಂಗೈ ಮೇಲೆ ಸುರುಟಿಕೊಳ್ಳಿ. ಅದೇ ಕೈಯಿಂದ ಅವರ ಸೋತ ಕೈಯನ್ನು ಮೆಲ್ಲಗೆ ಹಿಡಿದು, ತೋಳನ್ನು ಅದರ ಮೇಲೆ ಜಾರಿಸಿ. ಕೈಯನ್ನು ಬಟ್ಟೆಯೊಳಗೆ ಎಳೆಯುವುದಲ್ಲ, ಬಟ್ಟೆಯನ್ನು ಕೈಯ ಮೇಲೆ ತರುವುದು. ಮೊಣಕೈ ದಾಟಿಸಿ ಹೆಗಲವರೆಗೆ ತಂದ ಮೇಲೆಯೇ ಬೆನ್ನ ಹಿಂದಿನಿಂದ ಅಂಗಿ ಸುತ್ತಿಸಿ. ಇನ್ನೊಂದು ಕೈಯನ್ನು ಅವರೇ ತೂರಿಸಲಿ. ಸೋತ ಕೈಯನ್ನು ಜಗ್ಗಬೇಡಿ, ಕಂಕುಳಿಗೆ ಕೈ ಕೊಟ್ಟು ಎತ್ತಲೂ ಬೇಡಿ. ಸ್ನಾಯು ಸಡಿಲಾದ ಹೆಗಲಿನ ಕೀಲು ಜಾರಬಹುದು, ನೋವು ತಿಂಗಳುಗಟ್ಟಲೆ ಉಳಿಯುತ್ತದೆ.

ಬಟನ್ ಕೆಳಗಿನಿಂದ ಹಾಕಲು ಹೇಳಿ, ಕಣ್ಣಿಗೆ ಕಾಣುವುದು ಅದೇ. ಮಾವ ಈಗ ಕೆಳಗಿನ ಮೂರು ತಾವೇ ಹಾಕುತ್ತಾರೆ. ಹತ್ತು ನಿಮಿಷ ಬೇಕು. ನನಗೆ ಕೈ ತುರಿಸುತ್ತದೆ, ನಾನೇ ಹಾಕಿ ಮುಗಿಸುವಾ ಅಂತ. ಸುಮ್ನೆ ಕೂತುಕೊಳ್ಳುವುದನ್ನು ಕಲಿಯಲು ನನಗೆ ಎರಡು ತಿಂಗಳು ಬೇಕಾಯಿತು, ಅಂಗಿ ಹಾಕಿಸಲು ಕಲಿತದ್ದಕ್ಕಿಂತ ಜಾಸ್ತಿ.

ಮುಂಡು, ಅಂದರೆ ಪಂಚೆ, ನಿಜವಾದ ತಲೆನೋವು. ನಿಂತು, ಎರಡು ಕೈಯಿಂದ ಸುತ್ತಿ ಬಿಗಿಯಬೇಕು. ಹೊಲಿದ ಲುಂಗಿಯ ಸೊಂಟಕ್ಕೆ ಇಲಾಸ್ಟಿಕ್ ಹಾಕಿಸಿದೆವು. ಕೂತಲ್ಲೇ ಮೊದಲು ಸೋತ ಕಾಲು, ಆಮೇಲೆ ಇನ್ನೊಂದು. ತೊಡೆಯವರೆಗೆ ಏರಿಸಿಟ್ಟು ಒಮ್ಮೆ ಮಾತ್ರ ಎದ್ದು ನಿಂತರೆ ಕೆಲಸ ಮುಗಿಯಿತು. ಏಳುವಾಗ ಕುರ್ಚಿಯ ಅಂಚಿಗೆ ಸರಿದು, ಪಾದ ಹಿಂದಕ್ಕೆಳೆದು, ಮೂಗು ಮೊಣಕಾಲಿನ ನೇರಕ್ಕೆ ಬರುವಷ್ಟು ಮುಂದೆ ಬಾಗಲಿ. ನೀವು ಸೋತ ಬದಿಯಲ್ಲಿ ನಿಲ್ಲಿ. ಮದುವೆ, ಪೂಜೆಗೆ ಅಂತ ಬದಿಯಡ್ಕ ಪೇಟೆಯ ದರ್ಜಿಯ ಹತ್ತಿರ ಒಂದು ಬಿಳಿ ಮುಂಡಿಗೆ ವೆಲ್ಕ್ರೋ ಹೊಲಿಸಿದೆವು. "ಇದು ಮುಂಡೋ, ಲಂಗವೋ?" ಅಂದರು ಮಾವ. ಉಟ್ಟದ್ದು ಮಾತ್ರ ಅದನ್ನೇ.

ಹೆಂಗಸರಿಗೆ ಮುಂದೆ ಪೂರ್ತಿ ತೆರೆಯುವ ನೈಟಿ ಸುಲಭ. ಸೀರೆಯೇ ಬೇಕು ಅನ್ನುವವರಿಗೆ ನೆರಿಗೆ ಹೊಲಿದಿಟ್ಟ ಸೀರೆ, ಹುಕ್ಕಿನ ಬದಲು ವೆಲ್ಕ್ರೋ ಇರುವ ರವಿಕೆ.

ಬಟ್ಟೆ ಬದಲಿಸುವ ಹೊತ್ತೇ ಮೈ ನೋಡುವ ಹೊತ್ತು. ಹಿಮ್ಮಡಿ, ಬೆನ್ನಿನ ಬುಡ, ಸೊಂಟದ ಎಲುಬು ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟರೂ ಕೆಂಪು ಹೋಗದಿದ್ದರೆ ಹುಣ್ಣಿನ ಶುರು ಅದು. ಅದೇ ದಿನ ನರ್ಸಿಗೆ ಹೇಳಿ. ಮಲಗಿಯೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ. ಅರೆ ಒದ್ದೆ ಹೊಲಿಗೆ ಮೈಗೆ ತಾಗಿದರೆ ಚರ್ಮ ಬೇಗ ಕೆಡುತ್ತದೆ, ಅದಕ್ಕೆ ಅವರ ಬಟ್ಟೆಯನ್ನು ಮೊದಲು ಒಲೆಯ ಹತ್ತಿರ ಒಣಗಿಸಿ.

ಸ್ನಾನದ ನೀರಿನ ಬಿಸಿಯನ್ನು ಅವರ ಒಳ್ಳೆಯ ಕೈಯಿಂದ ಅಥವಾ ನಿಮ್ಮ ಕೈಯಿಂದ ನೋಡಿ. ಸೋತ ಕೈಗೆ ಸುಡುವುದು ತಿಳಿಯದೆ ಇರಬಹುದು.

ಊಟಕ್ಕೆ ನೆಟ್ಟಗೆ ಕೂರಿಸಿ, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಗಂಜಿಯ ತೆಳಿ ಕುಡಿಸುವುದು ಸುಲಭ ಅಂತ ನಾವು ಅಂದುಕೊಂಡಿದ್ದೆವು. ನುಂಗುವ ಶಕ್ತಿ ಕಡಿಮೆಯಾದವರಿಗೆ ಗಟ್ಟಿ ಗಂಜಿಗಿಂತ ತೆಳ್ಳಗಿನದ್ದೇ ಹೆಚ್ಚಾಗಿ ಶ್ವಾಸನಾಳಕ್ಕೆ ಹೋಗುವುದು. ನೀರು ಕುಡಿದಾಗೆಲ್ಲ ಕೆಮ್ಮು ಬಂದರೆ ಡಾಕ್ಟರಿಗೆ ಹೇಳಿ.

ಇನ್ನು ಮನೆ. ಕಾಲೊರೆಸುವ ಬಟ್ಟೆ ತೆಗೆದುಬಿಡಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಇರಲಿ. ನಮ್ಮ ಹಳೆ ಮನೆಯಲ್ಲಿ ಹೊಸ್ತಿಲು ಎತ್ತರ, ಬಚ್ಚಲು ಅಂಗಳದ ಆಚೆ, ಮೆಟ್ಟಿಲು ಮುರಕಲ್ಲಿನದ್ದು. ಮಳೆ ಬಿದ್ದರೆ ಪಾಚಿ. ಬಚ್ಚಲಿನವರೆಗೆ ಗೋಡೆಗೆ ಒಂದು ಕಬ್ಬಿಣದ ಪೈಪು ಹಾಕಿಸಿದೆವು, ಮಾವನ ಬಲಗೈ ಬದಿಗೆ. ಆದರೆ ಹೋಗುವಾಗ ಬಲಕ್ಕಿದ್ದದ್ದು ಬರುವಾಗ ಎಡಕ್ಕೆ! ಅದು ಹೊಳೆದದ್ದು ಪೈಪು ಹಾಕಿ ಆದ ಮೇಲೆ. ನೀವು ಎರಡೂ ಬದಿಗೆ ಹಾಕಿಸಿ.